ಫೀಬಿಂಗ್ಸ್ ಪ್ರೊ ಡೈ: ಕೆತ್ತಿದ ಚರ್ಮಕ್ಕೆ ಗೆರೆ ದಾಟದ ಬಣ್ಣ

ಮೈಸೂರಿನಲ್ಲಿ ಮನೆಯಲ್ಲೇ ಕೂತು ಡೈರಿ ಹೊದಿಕೆ, ಬೆಲ್ಟು, ಪರ್ಸು ಮಾಡಿ ಮಾರುತ್ತೇನೆ. ನನ್ನ ಬಳಿ ಹೆಚ್ಚು ಕೇಳಿಬರುವ ವಿನ್ಯಾಸ ಹಳೇಬೀಡಿನ ಗುಡಿಯ ಗೋಡೆಪಟ್ಟಿಯಲ್ಲಿರುವ ಸುರುಳಿ ಬಳ್ಳಿ. ಬರೀ ಕಂದು ಬಣ್ಣದಲ್ಲಿ ಮಾಡಿದರೆ ಯಾರೂ ಒಪ್ಪುವುದಿಲ್ಲ. “ಅಕ್ಕಾ, ಹಿಂದೆ ಕಪ್ಪಗಿರಲಿ, ಎಲೆ ಹಸಿರು, ಹೂವು ಹಳದಿ ಮಾಡಿಕೊಡಿ” ಅಂತಲೇ ಬರುತ್ತಾರೆ. ಒಂದು ಬಣ್ಣ ಇನ್ನೊಂದರೊಳಗೆ ಹರಿಯದ ಹಾಗೆ ಮಾಡಿಕೊಡಬೇಕಲ್ಲ, ಅದಕ್ಕೆ ನಾನು ನೆಚ್ಚಿಕೊಂಡಿರುವುದು ಫೀಬಿಂಗ್ಸ್ ಪ್ರೊ ಡೈ.

ಫೀಬಿಂಗ್ಸ್ ಅಮೆರಿಕದ ಮಿಲ್ವಾಕಿಯ ಕಂಪನಿ, 1895ರಿಂದ ಇದೆ. ಪ್ರೊ ಡೈ ಸ್ಪಿರಿಟ್ಟಿನಲ್ಲಿ ಕರಗಿಸಿದ ಬಣ್ಣ. ನಾನು ತರಿಸುವುದು 118 ಮಿ.ಲೀ. ಬಾಟಲಿ. ಹೊರದೇಶದಿಂದ ಬರುವುದರಿಂದ ಬೆಲೆ ಜಾಸ್ತಿಯೇ, ಆದರೆ ಇಂಥ ಕೆಲಸಕ್ಕೆ ಒಂದು ಬಾಟಲಿ ಬಹಳ ಕಾಲ ಬರುತ್ತದೆ. ಬೆಂಕಿ ಹತ್ತುವ ದ್ರವ; ಒಲೆಯ ಹತ್ತಿರ ಬಿಚ್ಚಬೇಡಿ, ಕಿಟಕಿ ತೆರೆದಿರಲಿ, ಕೈಗವಸು ಹಾಕಿಕೊಳ್ಳಿ. ಉಗುರ ಸಂದಿಗೆ ಇಳಿದ ಕಪ್ಪು ಸೋಪಿಗೆ ಬಗ್ಗುವುದಿಲ್ಲ.

ಇದರ ದೊಡ್ಡ ಗುಣ ಬಣ್ಣ ಸಮನಾಗಿ ಕೂರುವುದು. ಹಿನ್ನೆಲೆ ತುಂಬುವಾಗ ಎಲೆ ಹೂವುಗಳ ನಡುವೆ ತಗ್ಗಾಗಿರುವ ಒಂದೊಂದು ಗುಂಡಿಗೂ ಬೇರೆ ಬೇರೆಯಾಗಿ ಬ್ರಷ್ ಇಳಿಸಬೇಕಾಗುತ್ತದೆ. ಈ ಗುಂಡಿ ಒಣಗುವ ಹೊತ್ತಿಗೆ ಆ ಗುಂಡಿ ಇನ್ನೂ ಹಸಿಯಾಗಿರುತ್ತದೆ. ಅಷ್ಟಾದರೂ ಒಣಗಿದ ಮೇಲೆ ಎಲ್ಲ ಒಂದೇ ಕಪ್ಪು. ಪಟ್ಟೆ, ಮೋಡ ಏನೂ ಕಾಣುವುದಿಲ್ಲ. ಹಿಂದೆ ಬಳಸುತ್ತಿದ್ದ ಒಂದು ಅಗ್ಗದ ಡೈಯಲ್ಲಿ ಬ್ರಷ್ ಎರಡು ಸಲ ತಾಗಿದ ಜಾಗವೆಲ್ಲ ಎದ್ದು ಕಾಣುತ್ತಿತ್ತು.

ಆದರೆ ಗೆರೆ ಕಾಯುವುದು ಬಾಟಲಿಯಲ್ಲ, ಕತ್ತಿ. ಬೆರಳಲ್ಲೇ ತಿರುಗಿಸುತ್ತಾ ಚರ್ಮ ಗೀರುವ ಕತ್ತಿ, ಅಂದರೆ ಸ್ವಿವೆಲ್ ನೈಫಿನಲ್ಲಿ ಕೊಯ್ದ ಗೀರು ಚರ್ಮದ ಮೇಲ್ಪದರದ ನಾರನ್ನು ಕಡಿದಿರುತ್ತದೆ. ಪಕ್ಕಕ್ಕೆ ಹರಿಯುವ ಬಣ್ಣ ಅಲ್ಲಿಗೆ ಬಂದು ನಿಲ್ಲುತ್ತದೆ. ಗೀರಿನ ಪಕ್ಕವನ್ನು ತಗ್ಗಿಸುವ ಅಚ್ಚು ಬೆವೆಲರ್‌ನಿಂದ ಬಡಿದ ಇಳಿಜಾರು ಗಟ್ಟಿಯಾಗಿ ಒತ್ತಿಕೊಂಡಿರುವುದರಿಂದ ಅದು ಕುಡಿಯುವುದೂ ಕಡಿಮೆ. ಗೀರು ತೇಲಿಸಿ ಕೊಯ್ದಿದ್ದರೆ ಎಂಥ ಡೈ ಹಾಕಿದರೂ ಎಲೆಯೊಳಕ್ಕೆ ನುಗ್ಗುತ್ತದೆ. ಕೆತ್ತನೆಗೆ ನೆನೆಸಿದ ಚರ್ಮ ಪೂರ್ತಿ ಒಣಗಿ ಮೊದಲಿನ ಬಣ್ಣಕ್ಕೆ ತಿರುಗಿರಬೇಕು. ಬೇಸಿಗೆಯಲ್ಲಿ ಒಂದು ರಾತ್ರಿ ಬಿಟ್ಟರೆ ಸಾಕು. ಮಳೆಗಾಲದಲ್ಲಿ ನಾನು ಎರಡು ದಿನ ಮುಟ್ಟುವುದಿಲ್ಲ. ಒಳಗೆ ತೇವ ಉಳಿದಿದ್ದರೆ ಬಣ್ಣ ಅದರ ಜಾಡು ಹಿಡಿದೇ ಹೋಗುತ್ತದೆ. ಎಣ್ಣೆ ಹಚ್ಚುವುದೂ ಡೈ ಆದ ಮೇಲೆಯೇ, ಅದೂ ತೆಳ್ಳಗೆ.

ಡೈ ಬಳಿಯಲೆಂದು ಸಿಗುವ, ಕಡ್ಡಿಗೆ ಉಣ್ಣೆಯುಂಡೆ ಕಟ್ಟಿದ ಡೌಬರ್ ಇಡೀ ಬೆಲ್ಟಿಗೆ ಒಂದೇ ಬಣ್ಣ ಬಳಿಯುವವರಿಗೆ. ಕೆತ್ತಿದ ಹೂವಿನ ಹತ್ತಿರ ಅದನ್ನು ತರಲೇಬೇಡಿ. ಒಂದು ಮೂರನೇ ನಂಬರಿನ ದುಂಡು ಬ್ರಷ್, ಮೂಲೆಗಳಿಗೆ ಒಂದು ಸೊನ್ನೆ ನಂಬರ್, ಇಷ್ಟೇ ಸಾಕು. ಬ್ರಷ್ ಅದ್ದಿದ ಮೇಲೆ ಅದರ ಹೊಟ್ಟೆಯನ್ನು ಹಳೇ ನ್ಯೂಸ್‌ಪೇಪರಿಗೆ ಒತ್ತಿ. ಒದ್ದೆ ಕಲೆ ಬೀಳುವುದು ನಿಂತು ಬರೀ ಗೆರೆ ಮೂಡುವ ಹೊತ್ತಿಗೆ ಬ್ರಷ್ ಹದಕ್ಕೆ ಬಂದಿದೆ ಅಂತ ಅರ್ಥ. ಈಗ ಗುಂಡಿಯ ನಟ್ಟನಡುವೆ ಇಡಿ. ಅಲ್ಲಿಂದ ಅಂಚಿನ ಕಡೆಗೆ ಎಳೆಯುತ್ತಾ ಹೋಗಿ, ಗೀರಿಗೆ ಅರ್ಧ ಮಿಲಿಮೀಟರ್ ಇರುವಾಗಲೇ ಎತ್ತಿಬಿಡಿ. ಉಳಿದ ಆ ಸಣ್ಣ ಜಾಗವನ್ನು ಚರ್ಮ ತಾನೇ ಬಣ್ಣ ಎಳೆದುಕೊಂಡು ತುಂಬಿಕೊಳ್ಳುತ್ತದೆ. ಕಣ್ಣೆದುರೇ ಕಪ್ಪು ಮೆಲ್ಲಗೆ ತೆವಳಿ ಬಂದು ಎಲೆಯ ಬುಡದಲ್ಲಿ ಗಕ್ಕನೆ ನಿಲ್ಲುತ್ತದೆ. ಇಷ್ಟು ವರ್ಷವಾದರೂ ಅದನ್ನು ನೋಡುವ ಖುಷಿ ನನಗೆ ಹಳೆಯದಾಗಿಲ್ಲ.

ಡೈ ಅಂದರೆ ಪೇಂಟ್ ಅಲ್ಲ. ಚರ್ಮದೊಳಕ್ಕೆ ಇಳಿಯುತ್ತದೆ, ಕೆಳಗಿರುವುದನ್ನು ಮುಚ್ಚುವುದಿಲ್ಲ. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು. ಕಪ್ಪಿನ ಮೇಲೆ ಹಳದಿ ಹಾಕಿದರೆ ಕಾಣುವುದೇ ಇಲ್ಲ. ಅದಕ್ಕೇ ಮೊದಲು ತಿಳಿ ಬಣ್ಣದ ಹೂವು, ಆಮೇಲೆ ಎಲೆ, ಕೊನೆಗೆ ಹಿನ್ನೆಲೆಯ ಕಪ್ಪು. ಇದರ ಹಸಿರು ನೇರ ಬಾಟಲಿಯಿಂದ ಹಾಕಿದರೆ ನನ್ನ ಕಣ್ಣಿಗೆ ತೀರಾ ಗಾಢ. ತೆಳುಮಾಡಲು ಕಂಪನಿಯದೇ ರೆಡ್ಯೂಸರ್ ಎಂಬ ದ್ರವ ಇದೆ. ಕೆಮಿಕಲ್ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್ ಕೂಡ ನನಗೆ ಚೆನ್ನಾಗಿಯೇ ಕೆಲಸ ಮಾಡಿದೆ. ತೆಳುವಾದಷ್ಟೂ ಬಣ್ಣ ಬೇಗ ಹರಿಯುತ್ತದೆ, ಆದ್ದರಿಂದ ಬ್ರಷ್ ಇನ್ನಷ್ಟು ಒಣಗಿರಲಿ. ಹಸಿಯಾಗಿರುವಾಗ ಕಾಣುವ ಬಣ್ಣವನ್ನು ನಂಬಬೇಡಿ. ಒಣಗಿದರೆ ಮಂಕಾಗುತ್ತದೆ, ಕೊನೆಯಲ್ಲಿ ಹಚ್ಚುವ ರಕ್ಷಣೆಯ ಲೇಪ, ಅಂದರೆ ಫಿನಿಶ್ ಹಚ್ಚಿದರೆ ಮತ್ತೆ ಗಾಢವಾಗುತ್ತದೆ. ಅದೇ ಚರ್ಮದ ಚೂರಿನ ಮೇಲೆ ಫಿನಿಶ್‌ವರೆಗೂ ಮಾಡಿ ನೋಡುವುದೊಂದೇ ದಾರಿ.

ಬೆರಳ ತುದಿಗಿಂತ ಸಣ್ಣ ದಳಗಳಿಗೆ ಮಾತ್ರ ನಾನು ಈ ಡೈ ಬಳಸುವುದಿಲ್ಲ. ಅಲ್ಲಿ ಚರ್ಮಕ್ಕೆಂದೇ ಬರುವ ಅಕ್ರಿಲಿಕ್ ಪೇಂಟ್ ವಾಸಿ. ಅದು ಮೇಲೆಯೇ ಕೂರುತ್ತದೆ, ಹರಿಯುವುದಿಲ್ಲ, ಬಿಳಿ ಬಣ್ಣವೂ ಸಿಗುತ್ತದೆ. ಡೈಯಲ್ಲಿ ಬಿಳಿ ಎಂಬುದೇ ಇಲ್ಲ. ಆದರೆ ಇಡೀ ಬಳ್ಳಿಗೆ ಪೇಂಟ್ ಬಳಿದರೆ ಕಷ್ಟಪಟ್ಟು ಬಡಿದ ನರ, ಮಡಿಕೆಗಳ ಮೇಲೆ ಪದರ ಕಟ್ಟಿ ಚರ್ಮ ಪ್ಲಾಸ್ಟಿಕ್ಕಿನ ಹಾಗಾಗುತ್ತದೆ. ಹಿನ್ನೆಲೆ, ಎಲೆಗೆ ಡೈ. ಚಿಕ್ಕ ಹೂವಿಗೆ ಪೇಂಟ್. ನನ್ನ ಲೆಕ್ಕ ಇದು.

ಅನ್ನಭೇದಿ (ಕಬ್ಬಿಣದ ಲವಣ) ನೀರಿನಲ್ಲೋ, ಕಬ್ಬಿಣ ನೆನೆಸಿದ ವಿನೆಗರ್‌ನಲ್ಲೋ ಕಪ್ಪು ಮಾಡಬಾರದೇ ಅಂತ ಕೆಲವರು ಕೇಳುತ್ತಾರೆ. ಕಬ್ಬಿಣ ಚರ್ಮ ಹದಮಾಡುವಾಗ ಸೇರಿದ ಒಗರು, ಅಂದರೆ ಟ್ಯಾನಿನ್ ಜೊತೆ ಸೇರಿ ಕಪ್ಪಾಗುತ್ತದೆ, ಕೈಗೂ ಹತ್ತುವುದಿಲ್ಲ, ನಿಜ. ಇಡೀ ಬೆಲ್ಟಿಗೆ ಬಹಳ ಚೆನ್ನ. ಆದರೆ ನೀರಿನಷ್ಟು ತೆಳು, ಗೀರಿನಡಿ ನುಸುಳಿಬಿಡುತ್ತದೆ.

ಇದೆಲ್ಲ ವೆಜ್‌ಟ್ಯಾನ್, ಅಂದರೆ ಗಿಡಮರಗಳ ಒಗರಿನಲ್ಲಿ ಹದಮಾಡಿದ ಚರ್ಮದ ಮಾತು. ಕೊಳ್ಳುವಾಗಲೇ ಒಂದು ಹನಿ ನೀರು ಹಾಕಿ ನೋಡಿ. ಹೀರಿಕೊಂಡು ಬಣ್ಣ ಗಾಢವಾದರೆ ಸರಿ. ಹನಿ ಮೇಲೇ ನಿಂತರೆ ಮೇಣವೋ ಫಿನಿಶ್ಶೋ ಇದೆ, ಡೈ ಕಲೆಕಲೆಯಾಗುತ್ತದೆ.

ಕೊನೆಯ ಹಂತದಲ್ಲಿ ಅವಸರ ಬೇಡ. ಯಾವ ಸ್ಪಿರಿಟ್ ಡೈ ಆದರೂ ಗಾಢ ಬಣ್ಣ ಮೇಲ್ಮೈಯಲ್ಲಿ ಒಂದಿಷ್ಟು ಪುಡಿ ಉಳಿಸುತ್ತದೆ. ಮಾರನೆಯ ದಿನ ಒಣ ಹತ್ತಿಬಟ್ಟೆಯಿಂದ ಮೊದಲು ಹಳದಿ, ಹಸಿರು, ಆಮೇಲೆ ಕಪ್ಪು ಉಜ್ಜಿ. ಬಟ್ಟೆ ಶುಭ್ರವಾಗಿ ಬರುವತನಕ ಬಟ್ಟೆ ಬದಲಿಸುತ್ತಾ ಹೋಗಿ. ಆಮೇಲೆ ಅದೇ ಕಂಪನಿಯ ಫಿನಿಶ್ ಆದ ರೆಸೊಲೀನ್‌ಗೆ ಸಮಪಾಲು ನೀರು ಬೆರೆಸಿ, ಸ್ಪಂಜನ್ನು ಚೆನ್ನಾಗಿ ಹಿಂಡಿ, ಮೊದಲ ಕೋಟನ್ನು ಎಳೆಯದೆ ಬರೀ ತಟ್ಟಿ ತಟ್ಟಿ ಹಚ್ಚಿ. ಎಳೆದರೆ ಉಳಿದ ಕಪ್ಪು ಹೂವಿನ ಮೇಲಕ್ಕೆ ಬರುತ್ತದೆ. ಅದು ಒಣಗಿದ ಮೇಲೆ ಎರಡನೇ ಕೋಟನ್ನು ಧೈರ್ಯವಾಗಿ ಒರೆಸಿಕೊಂಡು ಹೋಗಬಹುದು.

ಹೊಸಬರು ಬಣ್ಣದ ಪೂರ್ತಿ ಸೆಟ್ ಕೊಳ್ಳಬೇಕಿಲ್ಲ. ಕಪ್ಪು, ಹಳದಿ, ನೀಲಿ, ಕಂದು ಛಾಯೆಯ ಒಂದು ಸ್ಯಾಡಲ್ ಟ್ಯಾನ್ ತಗೊಳ್ಳಿ. ಹಸಿರನ್ನು ಹಳದಿ ನೀಲಿಯಿಂದ ನೀವೇ ಬೆರೆಸಿಕೊಳ್ಳಿ. ಬಾಟಲಿಯ ಹಸಿರಿಗಿಂತ ಅದೇ ಎಲೆಗೆ ಹೊಂದುತ್ತದೆ.