ಟಿಕೆಟ್ ಪಿಡಿಎಫ್ ಕಳಿಸ್ತೀನಿ ಅಂದವರಿಗೆ ದುಡ್ಡು ಹಾಕ್ಬೇಡಿ (ಬೇಲಿ ಆಚೆ ಕೂತು ಹಾಡು ಕೇಳಿದವನ ಕಥೆ)

ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಎಂಎಸ್ಸಿ ಮಾಡೋಕೆ ಬಂದಿರೋ ನಮ್ಮೂರ ಕಡೆ ಹುಡುಗ ಒಬ್ಬ ಮೊನ್ನೆ ವಾಟ್ಸಾಪಲ್ಲಿ ಸ್ಕ್ರೀನ್‌ಶಾಟ್ ಕಳಿಸಿದ್ದ. ಬೇಸಿಗೇಲಿ ಹೈಲ್ಯಾಂಡ್ಸ್ (ಇಲ್ಲಿನ ಉತ್ತರದ ಬೆಟ್ಟಸೀಮೆ) ಕಡೆ ಬಯಲಲ್ಲಿ ನಡೆಯೋ ಕೆಲ್ಟಿಕ್ ಫೋಕ್ ರಾಕ್ (ಇಲ್ಲಿನ ಜನಪದಕ್ಕೆ ರಾಕ್ ಬೆರೆಸಿದ ಹಾಡು) ಕಾರ್ಯಕ್ರಮವಂತೆ, ಟಿಕೆಟ್ ಎಲ್ಲಾ ಖಾಲಿಯಂತೆ, ಆದ್ರೆ ಯಾರೋ ಒಬ್ಬಳು "ಅಮ್ಮ ಆಸ್ಪತ್ರೇಲಿದಾರೆ, ಹೋಗೋಕಾಗಲ್ಲ, ಕೊಂಡ ರೇಟಿಗೇ ಕೊಟ್ಬಿಡ್ತೀನಿ" ಅಂತ ಹಾಕಿದಾಳೆ, ತಗೊಳ್ಲಾ ಅಣ್ಣ ಅಂತ ಕೇಳ್ತಿದ್ದ. ನಾನು ಊಟ ಮಾಡ್ತಿದ್ದವನು ಕೈ ತೊಳ್ಕೊಂಡು ಬಂದು ಫೋನೇ ಮಾಡಿದೆ. ಯಾಕಂದ್ರೆ ಆ ಅಮ್ಮ 2018ರಲ್ಲೂ ಆಸ್ಪತ್ರೇಲೇ ಇದ್ರು, ಪಾಪ.

ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ, ಈ ಕಡೆ ಓದೋಕೆ, ಕೆಲಸಕ್ಕೆ ಅಂತ ಬರೋ ನಮ್ಮವರು ಯಾರಾದ್ರೂ ಓದ್ಲಿ ಅಂತ. ಸ್ವಲ್ಪ ಉದ್ದ ಇದೆ.

ನಾನು ಅರಸೀಕೆರೆ ಕಡೆಯವನು, ಎಡಿನ್‌ಬರಾದಲ್ಲಿ ಕೆಲಸ. ಬಂದ ಹೊಸದ್ರಲ್ಲಿ ಆಫೀಸಿನ ಒಬ್ಬರ ಮದುವೆಗೆ ಹೋಗಿದ್ವಿ. ರಾತ್ರಿ ಕೊನೇ ಹಾಡು ಅಂತ ಒಂದು ಹಾಕಿದ್ರು, ಮೊದಲು ಮೆತ್ತಗೆ ಇತ್ತು, ಎಲ್ಲಾ ಕೈ ಕೈ ಹಿಡ್ಕೊಂಡು ದೊಡ್ಡ ವೃತ್ತ ಮಾಡಿ ನಿಂತ್ರು, ಆಮೇಲೆ ಡ್ರಮ್ಸ್ ಬಡೀತಿದ್ದ ಹಾಗೆ ಅಜ್ಜಿ, ಮೊಮ್ಮಗು, ಕಿಲ್ಟ್ (ಇಲ್ಲಿನ ಗಂಡಸರು ಹಾಕೋ ಚೌಕುಳಿ ಲಂಗ) ಹಾಕಿದ ಮಾವ ಎಲ್ರೂ ಒಟ್ಟಿಗೆ ಮಧ್ಯಕ್ಕೆ ನುಗ್ಗಿ ಮತ್ತೆ ಹಿಂದಕ್ಕೆ ಬರೋದು, ಮತ್ತೆ ನುಗ್ಗೋದು. ನನ್ನ ಶೂ ಮೇಲೆ ಮೂರು ಜನ ನಿಂತಿರ್ಬೇಕು. ಅದು ಲಾಖ್ ಲೋಮಂಡ್ ಅನ್ನೋ ಹಳೇ ಜನಪದ ಹಾಡು, ಹಾಡಿರೋದು ರನ್‌ರಿಗ್ ಅನ್ನೋ ಬ್ಯಾಂಡ್. ಇಲ್ಲಿ ಎಷ್ಟೋ ಮದುವೆಗಳಲ್ಲಿ ಇದು ಹಾಕ್ದೆ ಲೈಟ್ ಆರಿಸೋದೇ ಇಲ್ಲ.

ಅಲ್ಲಿಂದ ಹಿಡೀತು ನಂಗೆ ಹುಚ್ಚು. 1973ರಲ್ಲಿ ಸ್ಕೈ ದ್ವೀಪದಲ್ಲಿ ಶುರುವಾದ ಬ್ಯಾಂಡ್ ಅದು, ಮ್ಯಾಕ್‌ಡೊನಾಲ್ಡ್ ಅಣ್ಣತಮ್ಮ ಇಬ್ರು ಹಾಡು ಬರೆಯೋರು, ಎಷ್ಟೋ ಹಾಡು ಗ್ಯಾಲಿಕ್‌ನಲ್ಲೇ (ಸ್ಕಾಟ್ಲೆಂಡಲ್ಲಿ ಗ್ಯಾಲಿಕ್ ಅಂತಾನೇ ಅನ್ಬೇಕು, ಗೇಲಿಕ್ ಅಂದ್ರೆ ತಿದ್ತಾರೆ). 2011ರ ಜನಗಣತಿ ಪ್ರಕಾರ ಸ್ಕಾಟ್ಲೆಂಡಲ್ಲಿ ಆ ಭಾಷೆ ಮಾತಾಡೋರು 57,000 ಚಿಲ್ರೆ, ಅಂದ್ರೆ ಹೆಚ್ಚುಕಮ್ಮಿ ನಮ್ಮ ಅರಸೀಕೆರೆ ಟೌನಿನಷ್ಟು ಜನ. ಅಷ್ಟು ಜನರ ಭಾಷೇಲಿ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಹಾಕಿ ಹಾಡಿ ಡೆನ್ಮಾರ್ಕು ಜರ್ಮನಿ ಎಲ್ಲಾ ಕುಣಿಸಿದ್ರು ನೋಡಿ. ರಘು ದೀಕ್ಷಿತ್ ಶರೀಫರ ಪದಕ್ಕೆ ಗಿಟಾರ್ ಕಟ್ಟಿದ್ದನ್ನ ಕೇಳ್ಕೊಂಡೇ ಬಂದ ನಂಗೆ ಅರ್ಥ ಆಗದಿದ್ರೂ ರುಚಿ ಹತ್ತಿತು.

ನಂಗೆ ಹುಚ್ಚು ಹಿಡಿಯೋ ಹೊತ್ತಿಗೆ ಅವರು ನಿಲ್ಲಿಸ್ತೀವಿ ಅಂದ್ರು. 45 ವರ್ಷ ಆಯ್ತು, ಸಾಕು ಅಂತ. ಕೊನೇ ಕಾರ್ಯಕ್ರಮ 2018 ಆಗಸ್ಟ್ 18ಕ್ಕೆ ಸ್ಟರ್ಲಿಂಗ್‌ನಲ್ಲಿ, ಕೋಟೆ ಬಂಡೆ ಕೆಳಗಿನ ಬಯಲಲ್ಲಿ. ಟಿಕೆಟ್ ಬಿಟ್ಟ ಕೂಡ್ಲೇ ಖಾಲಿ, ಆಮೇಲೆ ಹಿಂದಿನ ದಿನ 17ಕ್ಕೆ ಇನ್ನೊಂದು ಸೇರಿಸಿದ್ರು, ನಾನು ಆ ಹೊತ್ತಿಗೆ ಯಾವ್ದೋ ಮೀಟಿಂಗಲ್ಲಿದ್ದೆ, ಅದೂ ಕೈತಪ್ಪಿತು. ತಪ್ಪು ನಂದೇ.

ಆಮೇಲೆ ತಿಂಗಳುಗಟ್ಲೆ ಹುಡುಕಿದ್ದೇ ಹುಡುಕಿದ್ದು. ಜುಲೈನಲ್ಲಿ ಒಬ್ಬಳು ಸಿಕ್ಕಿದ್ಲು. ಎರಡು ಟಿಕೆಟ್, ಶನಿವಾರದ್ದೇ, ಅಮ್ಮಂಗೆ ಆಪರೇಷನ್, ಕೊಂಡ ರೇಟಿಗೆ ಕೊಡ್ತೀನಿ, ಎರಡಕ್ಕೂ ಸೇರಿ 120 ಪೌಂಡ್. ಇಲ್ಲೇ ನೋಡಿ ನಾನು ಬಿದ್ದಿದ್ದು. ಮೋಸ ಮಾಡೋರು ಡಬಲ್ ರೇಟ್ ಕೇಳ್ತಾರೆ ಅಂತ ನನ್ನ ತಲೇಲಿತ್ತು, ಇವಳು ಒಂದು ಪೌಂಡೂ ಜಾಸ್ತಿ ಕೇಳಲಿಲ್ಲ, ಮೇಲೆ "ನಿಜವಾದ ಅಭಿಮಾನಿಗೇ ಹೋಗ್ಲಿ ಅಂತ ನನ್ನಾಸೆ" ಅಂತ ಬೇರೆ ಬರೆದಿದ್ಲು. ಆ ಒಂದು ಮಾತಿಗೆ ನಾನು ಕರಗಿ ನೀರಾದೆ, ನಿಮ್ಮಮ್ಮ ಬೇಗ ಹುಷಾರಾಗ್ಲಿ ಅಂತ ಹಾರೈಸಿ ಅಕೌಂಟ್ ನಂಬರ್ ಈಸ್ಕೊಂಡೆ.

ಅಕೌಂಟಲ್ಲಿ ಹೆಸರು ಬೇರೆ ಇತ್ತು. ಕೇಳಿದ್ದಕ್ಕೆ ಗಂಡಂದು ಅಂದ್ಲು. ಪ್ರೊಫೈಲ್ ನೋಡಿದ್ರೆ ಮೂರು ವಾರದ ಹಿಂದೆ ಮಾಡಿದ್ದು, ಫೋಟೋ ಒಂದು ನಾಯಿದು. ಪೇಪಾಲಲ್ಲಿ ಹಾಕ್ಲಾ ಅಂದ್ರೆ ಸ್ನೇಹಿತರಿಗೆ ಕಳಿಸೋ ಆಪ್ಷನ್ನಲ್ಲಿ ಹಾಕಿ, ಇಲ್ಲಾಂದ್ರೆ ಫೀಸ್ ಕಟ್ ಆಗುತ್ತೆ ಅಂದ್ಲು. (ಆ ಆಪ್ಷನ್ನಲ್ಲಿ ಹಾಕಿದ್ರೆ ಕೊಳ್ಳೋರಿಗೆ ರಕ್ಷಣೆ ಅನ್ನೋದೇ ಇಲ್ಲ, ಅದಕ್ಕೇ ಅವ್ರು ಅದನ್ನ ಕೇಳೋದು.) ನಾನು ಬುದ್ಧಿವಂತ ಅಲ್ವಾ, ಪೇಪಾಲೇ ಬೇಡ ಅಂತ ಸೀದಾ ಬ್ಯಾಂಕಿಂದ ಹಾಕ್ಬಿಟ್ಟೆ. ಆಗ ಇಲ್ಲಿ ಬ್ಯಾಂಕುಗಳು ಹೆಸರು ತಾಳೆ ನೋಡ್ತಾನೇ ಇರ್ಲಿಲ್ಲ, ಸಾರ್ಟ್ ಕೋಡ್ (ನಮ್ಮ ಐಎಫ್‌ಎಸ್‌ಸಿ ಥರದ್ದು), ಅಕೌಂಟ್ ನಂಬರ್ ಸರಿ ಇದ್ರೆ ದುಡ್ಡು ಹೋಯ್ತು. ಹೆಸರು ಹೊಂದಲ್ಲ ಅಂತ ಎಚ್ಚರಿಸೋ ವ್ಯವಸ್ಥೆ ಬಂದಿದ್ದು 2020ರಲ್ಲಿ.

ಹತ್ತೇ ನಿಮಿಷದಲ್ಲಿ ಪಿಡಿಎಫ್ ಬಂತು, ಎರಡು ಟಿಕೆಟ್, ಕ್ಯೂಆರ್ ಕೋಡ್, ಆರ್ಡರ್ ನಂಬರ್ ಎಲ್ಲಾ ಇದೆ. ಹೆಂಡ್ತಿ ಒಂದ್ಸಲ ನೋಡಿ "ರೀ, ಇದೇ ಪಿಡಿಎಫ್ ಅವಳು ಇನ್ನೊಬ್ರಿಗೂ ಕಳಿಸಿದ್ರೆ?" ಅಂದ್ಲು. ನಾನು ಎಲ್ರನ್ನೂ ಅನುಮಾನದಿಂದ ನೋಡ್ಬಾರ್ದು ಕಣೇ ಅಂದೆ. ಈ ಡೈಲಾಗ್ ಇವತ್ತಿಗೂ ನಮ್ಮನೇಲಿ ಓಡ್ತಿದೆ, ಗ್ಯಾಸ್ ಆಫ್ ಮಾಡಿದೀಯಾ ಅಂತ ನಾನು ಕೇಳಿದ್ರೂ ಇದೇ ಉತ್ತರ.

ಆ ಶನಿವಾರ ಸ್ಟರ್ಲಿಂಗಿಗೆ ರೈಲಲ್ಲಿ ಹೋದ್ವಿ, ಡಬ್ಬಿ ತುಂಬಾ ಅಭಿಮಾನಿಗಳು, ಹಳೇ ಟೂರಿನ ಬಣ್ಣ ಹೋದ ಟೀಶರ್ಟುಗಳು, ಮೂಲೇಲಿ ಒಬ್ಬರು ಆಗಲೇ ಹಾಡ್ತಿದ್ರು. ಸ್ಟೇಷನ್ನಿಂದ ಜನರ ಹಿಂದೇನೇ ನಡ್ಕೊಂಡು ಹೋದ್ರೆ ಸಾಕು, ದಾರಿ ಕೇಳೋದೇ ಬೇಡ. ಮೇಲೆ ಬಂಡೆ ತುದೀಲಿ ಕೋಟೆ, ಕೆಳಗೆ ಬಯಲು, ನಮ್ಮ ಜಾತ್ರೆ ಹಾಗೇ ಜನ.

ಗೇಟಲ್ಲಿ ಹಳದಿ ಜಾಕೆಟ್ ಹಾಕಿದ್ದ ಹುಡುಗಿ ನನ್ನ ಪ್ರಿಂಟ್ ಮೇಲೆ ಸ್ಕ್ಯಾನರ್ ಹಿಡಿದ್ಲು. ನಮ್ಮ ಮುಂದಿನವರಿಗೆಲ್ಲಾ ಒಂದು ಸಣ್ಣ ಟಿಂಗ್ ಬರ್ತಿತ್ತು, ನಂಗೆ ಬೇರೆ ಥರ ಸೌಂಡ್, ದಪ್ಪಗೆ, ಎರಡು ಸಲ. ಅವಳು ಪೇಪರ್ ನೆಟ್ಟಗೆ ಮಾಡಿ ಇನ್ನೊಂದ್ಸಲ ಹಿಡಿದ್ಲು. ಮತ್ತೆ ಅದೇ. ಹೆಂಡ್ತಿ ಟಿಕೆಟ್ಟಿಗೂ ಅದೇ. ಆಮೇಲೆ ಆ ಮೆಷಿನ್ನನ್ನ ನನ್ನ ಕಡೆ ತಿರುಗಿಸಿ ತೋರಿಸಿದ್ಲು, ಕೆಂಪು ಸ್ಕ್ರೀನು, ಈ ಟಿಕೆಟ್ ಆಗಲೇ ಬಳಕೆ ಆಗಿದೆ, 5:12ಕ್ಕೆ. ನಾನು ವಾಚ್ ನೋಡ್ಕೊಂಡೆ, ಯಾಕೆ ನೋಡ್ಕೊಂಡೆ ಅಂತ ನಂಗೇ ಗೊತ್ತಿಲ್ಲ, 5:40. ಅಂದ್ರೆ ಇಪ್ಪತ್ತೆಂಟು ನಿಮಿಷ ಮುಂಚೆ ಬಂದಿದ್ರೆ ಒಳಗಡೆ ನಾನಿರ್ತಿದ್ದೆ, ಹೊರಗಡೆ ಇನ್ಯಾರೋ ನಿಂತಿರ್ತಿದ್ರು. ಮೊದಲು ಬಂದವನೇ ಮಹಾರಾಯ, ಅಷ್ಟೇ ಆ ಮೆಷಿನ್ನಿಗೆ ಗೊತ್ತಿರೋದು.

ಆ ಹುಡುಗಿ ಒರಟಾಗೇನೂ ಮಾತಾಡಲಿಲ್ಲ, ಪಕ್ಕದಲ್ಲಿ ಒಂದು ಕ್ಯಾಬಿನ್ ಇದೆ ಅಲ್ಲಿ ಕೇಳಿ ಅಂತ ಕಳಿಸಿದ್ಲು. ಕ್ಯಾಬಿನ್ ಮುಂದೆ ನಮ್ಮ ಥರದವರದ್ದೇ ಒಂದು ಸಣ್ಣ ಸಾಲು. ನಮ್ಮ ಮುಂದೆ ಡೆನ್ಮಾರ್ಕಿನ ಗಂಡ ಹೆಂಡ್ತಿ, ಅರವತ್ತು ದಾಟಿದ ವಯಸ್ಸು, ಈ ಒಂದು ರಾತ್ರಿಗೋಸ್ಕರಾನೇ ವಿಮಾನ ಹತ್ತಿ ಬಂದವರು. ಅವರ ಕೈಲೂ ಪ್ರಿಂಟ್. ಮಾತಾಡ್ತಾ ಮಾತಾಡ್ತಾ ಅವರ ಪೇಪರ್ ಪಕ್ಕ ನನ್ನ ಪೇಪರ್ ಇಟ್ಟು ನೋಡಿದ್ವಿ, ಆರ್ಡರ್ ನಂಬರ್ ಅದೇ, ಕೊಂಡವರ ಹೆಸರು ಅದೇ, ಎಲ್ಲಾ ಅದೇ. ಅವರದ್ದು ಕಲರ್ ಪ್ರಿಂಟು, ನಂದು ಆಫೀಸಿನ ಕಪ್ಪು ಬಿಳುಪು, ಅಷ್ಟೇ ವ್ಯತ್ಯಾಸ. ಆ ಯಜಮಾನ್ರು ಮೆಲ್ಲಗೆ ಕೇಳಿದ್ರು, ನಿಮಗೂ ಅಮ್ಮನ ಆಪರೇಷನ್ನಾ? ಹೂಂ ಅಂದೆ. ಇಬ್ರೂ ನಕ್ಬಿಟ್ವಿ, ಅವರ ಹೆಂಡ್ತಿ ನಗಲಿಲ್ಲ, ಕಣ್ಣು ತುಂಬ್ಕೊಂಡು ಆ ಕಡೆ ತಿರುಗಿದ್ರು. ಹೋಟೆಲ್ಲು, ವಿಮಾನ ಎಲ್ಲಾ ಸೇರಿ ಅವರು ಎಷ್ಟು ಸುರಿದಿದ್ರೋ, ನಾನು ಕೇಳೋಕೆ ಹೋಗಲಿಲ್ಲ.

ಕ್ಯಾಬಿನ್ನಲ್ಲಿ ಏನೂ ಆಗಲಿಲ್ಲ. ಆಗೋ ಹಾಗೂ ಇರ್ಲಿಲ್ಲ, ಅವರ ಲೆಕ್ಕದಲ್ಲಿ ಆ ಟಿಕೆಟ್ಟಿನವರು ಆಗಲೇ ಒಳಗಿದಾರೆ.

ಕೊನೆಗೆ ನಾಲ್ಕೂ ಜನ ಕೋಟೆ ಕಡೆ ಏರೋ ದಾರೀಲಿ ಒಂದು ಕಲ್ಲುಗೋಡೆ ಪಕ್ಕ ಹುಲ್ಲಲ್ಲಿ ಕೂತ್ವಿ. ನಾವೊಬ್ರೇ ಅಲ್ಲ, ಟಿಕೆಟ್ ಸಿಗದ ಜನ ತುಂಬಾನೇ ಇದ್ರು. ಅವರು ಫ್ಲಾಸ್ಕ್ ತೆಗೆದ್ರು, ಇವಳು ಕಟ್ಕೊಂಡು ಬಂದಿದ್ದ ಚಪಾತಿ ರೋಲ್ ಬಿಚ್ಚಿದ್ಲು. ಎಂಟೂವರೆ ಆದ್ರೂ ಬೆಳಕು ಹೋಗಿರ್ಲಿಲ್ಲ. ಹಾಡು ಕೇಳ್ತಿತ್ತು, ಗಾಳಿ ಈ ಕಡೆ ಬೀಸಿದ್ರೆ ಪೂರ್ತಿ, ಆ ಕಡೆ ತಿರುಗಿದ್ರೆ ಬರೀ ಡ್ರಮ್ಸ್. ಮಧ್ಯೆ ಒಂದ್ಸಲ ಒಳಗಿಂದ ಎಂಥಾ ಕೂಗು ಬಂತು ಅಂದ್ರೆ ಏನಾಯ್ತೋ ಅಂತ ಎಲ್ರೂ ಎದ್ದು ನಿಂತ್ವಿ, ಏನೂ ಕಾಣ್ಸಲಿಲ್ಲ. 1997ರಲ್ಲಿ ಬ್ಯಾಂಡ್ ಬಿಟ್ಟಿದ್ದ ಹಳೇ ಗಾಯಕ ಡೋನಿ ಮುನ್ರೋ ಅವತ್ತು ವೇದಿಕೆಗೆ ಬಂದಿದ್ರು ಅಂತ ನಂಗೆ ಗೊತ್ತಾಗಿದ್ದು ಮಾರನೇ ದಿನ. ಆ ಕೂಗು ಅದಕ್ಕೇ ಇರ್ಬೇಕು. ಲಾಖ್ ಲೋಮಂಡ್ ಶುರುವಾದಾಗ ಗೋಡೆ ಪಕ್ಕದಲ್ಲಿದ್ದ ಗುರುತಿಲ್ಲದ ಜನ ಎಲ್ಲಾ ಕೈ ಹಿಡ್ಕೊಂಡು ನಿಂತ್ರು, ಇಳಿಜಾರು ಬೇರೆ, ಮಧ್ಯಕ್ಕೆ ನುಗ್ಗೋಕೆ ಹೋಗಿ ಇಬ್ರು ಜಾರಿ ಬಿದ್ರು. ಚೆನ್ನಾಗಿತ್ತು ಅಂತ ಹೇಳಿದ್ರೆ ಸುಳ್ಳಲ್ಲ, ಆದ್ರೆ ದಯವಿಟ್ಟು ಇದನ್ನ ಓದಿ ಆಹಾ ಎಷ್ಟು ಒಳ್ಳೇ ಅನುಭವ ಅನ್ಬೇಡಿ. 45 ವರ್ಷದ ಬ್ಯಾಂಡಿನ ಕೊನೇ ರಾತ್ರಿ ಅದು, ಅದನ್ನ ನಾನು ಕಣ್ಣಲ್ಲಿ ನೋಡಲಿಲ್ಲ. ಅದು ಮತ್ತೆ ಬರಲ್ಲ.

ಸೋಮವಾರ ಬ್ಯಾಂಕಿಗೆ ಫೋನ್ ಮಾಡಿದೆ. ನೀವೇ ಕಳಿಸಿದ ದುಡ್ಡು ಅಲ್ವಾ ಸರ್ ಅಂದ್ರು. ಪೊಲೀಸರ 101ಕ್ಕೆ ಮಾಡಿದೆ, ಒಂದು ರೆಫರೆನ್ಸ್ ನಂಬರ್ ಕೊಟ್ರು, ಅದು ಇನ್ನೂ ನನ್ನ ಹತ್ರಾನೇ ಇದೆ. ದುಡ್ಡು ವಾಪಸ್ ಬರಲಿಲ್ಲ. ಅವಳ ಪ್ರೊಫೈಲ್ ಅಷ್ಟೊತ್ತಿಗೆ ಮಾಯ, ನಾಯಿ ಸಮೇತ.

ಈಗ ರೂಲ್ಸ್ ಸ್ವಲ್ಪ ಬದಲಾಗಿದೆ, ಆದ್ರೆ ಅದನ್ನ ನಂಬ್ಕೊಂಡು ಧೈರ್ಯ ಮಾಡ್ಬೇಡಿ. 2024 ಅಕ್ಟೋಬರ್ 7ರಿಂದ ಬ್ರಿಟನ್ನಿನ ಒಳಗೆ ಈ ಥರ ಮೋಸಕ್ಕೆ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿ ಕಳ್ಕೊಂಡ್ರೆ ಬ್ಯಾಂಕು 85,000 ಪೌಂಡ್ ತನಕ ವಾಪಸ್ ಕೊಡ್ಬೇಕು ಅಂತ ಆಗಿದೆ. ಕೇಳೋಕೆ ಚೆನ್ನಾಗಿದೆ ಅಲ್ವಾ. ಆದ್ರೆ ಅದರಲ್ಲಿ ಮೊದಲ 100 ಪೌಂಡ್ ತನಕ ಬ್ಯಾಂಕು ಹಿಡ್ಕೋಬಹುದು. ಈಗ ಲೆಕ್ಕ ಹಾಕಿ, ನನ್ನ 120 ಪೌಂಡ್ ಇವತ್ತು ಹೋಗಿದ್ರೆ ಗ್ಯಾರಂಟಿ ಅಂತ ಇರೋದು 20 ಪೌಂಡ್. ಒಂದೇ ಟಿಕೆಟ್ ಕೊಂಡು 60 ಕಳ್ಕೊಂಡ್ರೆ ಸೊನ್ನೇನೂ ಆಗ್ಬಹುದು. ಟಿಕೆಟ್ ಕಳ್ಳರು ಹೆಚ್ಚಾಗಿ ಆಡೋದು ಇಂಥಾ ಚಿಲ್ರೆ ಮೊತ್ತದಲ್ಲೇ. ಇನ್ನು ಕ್ರೆಡಿಟ್ ಕಾರ್ಡಿನ ಸೆಕ್ಷನ್ 75 ಅಂತಾರಲ್ಲ (ಕಾರ್ಡ್ ಕಂಪನಿಯಿಂದಲೇ ದುಡ್ಡು ವಾಪಸ್ ಕೇಳೋಕೆ ಇರೋ ಇಲ್ಲಿನ ಕಾನೂನು), ಅದು ಒಂದೊಂದು ವಸ್ತು 100 ಪೌಂಡ್ ದಾಟಿದ್ರೆ ಮಾತ್ರ, 60ರ ಎರಡು ಟಿಕೆಟ್ ಸೇರಿ 120 ಆಯ್ತು ಅಂದ್ರೆ ಒಪ್ಪಲ್ಲ.

ಹೊಸದಾಗಿ ಬಂದ ಹುಡುಗರಿಗೆ ಇನ್ನೊಂದು ಮಾತು. ಇಲ್ಲಿ ಅಕೌಂಟ್ ಇನ್ನೂ ಓಪನ್ ಆಗಿಲ್ಲ ಅಂತ ಊರಲ್ಲಿರೋ ಅಪ್ಪನ ಹತ್ರ ದುಡ್ಡು ಹಾಕಿಸ್ಬೇಡಿ. ಬ್ರಿಟನ್ನಿನ ಆ ರೂಲು ಹೊರದೇಶದಿಂದ ಬಂದ ದುಡ್ಡಿಗೆ ಅನ್ವಯ ಆಗಲ್ಲ. ಆಗ್ಲೇ ಹಾಕಿಸ್ಬಿಟ್ಟಿದ್ರೆ ಊರಿನವರು ತಡ ಮಾಡ್ದೆ 1930ಕ್ಕೆ ಫೋನ್ ಮಾಡ್ಲಿ, ನಮ್ಮ ಸೈಬರ್ ವಂಚನೆ ಸಹಾಯವಾಣಿ ಅದು, ನಾಳೆ ಮಾಡೋಣ ಅಂತ ಮಲಗಿದ್ರೆ ದುಡ್ಡು ಹೋದ ಹಾಗೇನೇ.

ಹಾಗಾದ್ರೆ ಟಿಕೆಟ್ ಖಾಲಿ ಆದ್ರೆ ಏನ್ ಮಾಡೋದು ಅಂದ್ರೆ, ಮೊದಲು ಟಿಕೆಟ್ ಮಾರಿದ ಕಂಪನಿಯೇ ರೀಸೇಲ್ ನಡೆಸುತ್ತಾ ನೋಡಿ. ಅಲ್ಲಿ ಮಾರಿದವರ ಹಳೇ ಕೋಡ್ ರದ್ದಾಗಿ ನಿಮ್ಮ ಹೆಸರಿಗೆ ಹೊಸ ಕೋಡ್ ಹುಟ್ಟುತ್ತೆ, ಹಳೇ ಪಿಡಿಎಫ್ ಹತ್ತು ಜನರ ಹತ್ರ ಇದ್ರೂ ಅದು ರದ್ದಿ. ಖಾಸಗಿಯವರ ಹತ್ರ ಕೊಳ್ಳಲೇಬೇಕು ಅಂದ್ರೆ ಆ ಕಂಪನಿ ಆಪ್ ಒಳಗೇ ನನ್ನ ಅಕೌಂಟಿಗೆ ಟ್ರಾನ್ಸ್‌ಫರ್ ಮಾಡಿ ಅನ್ನಿ. ನಿಜವಾಗ್ಲೂ ಟಿಕೆಟ್ ಇರೋರಿಗೆ ಅದು ಎರಡು ನಿಮಿಷದ ಕೆಲಸ. ಪಿಡಿಎಫ್, ಸ್ಕ್ರೀನ್‌ಶಾಟ್, ಇಮೇಲ್ ಫಾರ್ವರ್ಡ್ ಯಾವ್ದೂ ಟಿಕೆಟ್ ಅಲ್ಲ, ಟಿಕೆಟ್ಟಿನ ಫೋಟೋ. ಹಾಗೇ ತಮ್ಮ ಟಿಕೆಟ್ ಸಿಕ್ಕ ಖುಷೀಲಿ ಕ್ಯೂಆರ್ ಕಾಣೋ ಹಾಗೆ ಸ್ಟೇಟಸ್ ಹಾಕೋ ಮಹಾನುಭಾವರೂ ಇದಾರೆ, ಅವರಿಗೆ ನಮಸ್ಕಾರ.

ಇದನ್ನೆಲ್ಲಾ ಕೇಳಿ ಹುಡುಗ ಅವಳಿಗೆ ಮೆಸೇಜ್ ಹಾಕಿದ, ಆಪಲ್ಲೇ ಟ್ರಾನ್ಸ್‌ಫರ್ ಮಾಡ್ತೀರಾ ಅಂತ. ಅರ್ಧ ಗಂಟೆ ಆದ್ಮೇಲೆ ನಂಗೆ ಫೋನು.

"ಅಣ್ಣ, ಬ್ಲಾಕ್ ಮಾಡಿದ್ಲು."

"ಒಳ್ಳೇದೇ ಆಯ್ತಲ್ಲೋ."

"ಪಾಪ, ಅಮ್ಮಂಗೆ ನಿಜವಾಗ್ಲೂ ಹುಷಾರಿಲ್ವೇನೋ ಅಣ್ಣ."

ನಾನು ಏನೂ ಹೇಳಲಿಲ್ಲ, ಫೋನ್ ಹೆಂಡ್ತಿ ಕೈಗೆ ಕೊಟ್ಟೆ.