ಗಾಲ್ಡ್‌ಹೋಪಿಗ್ಗೆನ್‌ಗೆ ಎರಡು ದಾರಿ: ಹಗ್ಗದ ಸಾಲೋ, ಕಲ್ಲಿನ ಏಣೋ?

ಮೊದಲೇ ಹೇಳಿಬಿಡುತ್ತೇನೆ: ಕಾಲು ಗಟ್ಟಿಯಿದ್ದು, ಇಡೀ ಒಂದು ದಿನ ಕೈಯಲ್ಲಿದ್ದರೆ ಕಲ್ಲಿನ ಏಣಿನ ದಾರಿ ಶುರುವಾಗುವ ಸ್ಪೀಟರ್‌ಸ್ಟೂಲೆನ್ ವಸತಿಗೃಹದ ಕಡೆಯಿಂದಲೇ ಹತ್ತಿ. ನಾರ್ವೆಯ ಈ 2469 ಮೀಟರ್ ಶಿಖರಕ್ಕೆ ಎರಡೂ ಕಡೆಯಿಂದ ಹೋಗಿ ಬಂದ ಮೇಲೆ ನನ್ನಲ್ಲಿ ಉಳಿದಿರುವ ಅಭಿಪ್ರಾಯ ಇದು. ಹಿಮನದಿಯ ದಾರಿ ಕೆಟ್ಟದ್ದು ಅಂತಲ್ಲ. ಸುಲಭದ ದಾರಿ ಅಂದುಕೊಂಡು ಅದಕ್ಕೆ ದುಡ್ಡು ಕಟ್ಟುವವರು ಬಹಳ ಜನ, ಅವರಿಗೆ ಅದರ ನಿಜವಾದ ತೊಡಕು ಗೊತ್ತಾಗುವುದು ಸೊಂಟಕ್ಕೆ ಹಗ್ಗ ಬಿದ್ದ ಮೇಲೆ.

ನಕ್ಷೆ ನೋಡಿದವರು ಸಾಮಾನ್ಯವಾಗಿ ಹಿಮನದಿಯ ದಾರಿ ಶುರುವಾಗುವ ಯೂವಾಸ್‌ಹಿಟ್ಟಾ ವಸತಿಗೃಹವನ್ನೇ ಆರಿಸುತ್ತಾರೆ. ಅಲ್ಲಿ ಕಾರು 1841 ಮೀಟರ್ ತನಕ ಹೋಗುತ್ತದೆ, ಉಳಿಯುವುದು ಸುಮಾರು 630 ಮೀಟರ್ ಏರು. ಸ್ಪೀಟರ್‌ಸ್ಟೂಲೆನ್ ಇರುವುದು ವಿಸಾ ನದಿಯ ಕಣಿವೆಯಲ್ಲಿ, ಸುಮಾರು 1100 ಮೀಟರಿನಲ್ಲಿ. ಅಲ್ಲಿಂದ ನೇರ ಲೆಕ್ಕಕ್ಕೆ 1370 ಮೀಟರ್, ನಡುವಿನ ಏರಿಳಿತ ಸೇರಿಸಿದರೆ 1500 ದಾಟುತ್ತದೆ. ಕುಕ್ಕೆಯಿಂದ ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದವರಿಗೆ ಈ ಲೆಕ್ಕ ಹೊಸದಲ್ಲ, ಏರು ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಬೆವರು ಮತ್ತು ಜಿಗಣೆ, ಇಲ್ಲಿ ಗಾಳಿ ಮತ್ತು ಕಲ್ಲು. ಎತ್ತರದ ತಲೆನೋವಿಗೆ ಹೆದರಬೇಕಿಲ್ಲ, ಮುಳ್ಳಯ್ಯನಗಿರಿಗಿಂತ ಇದು 540 ಮೀಟರ್ ಮಾತ್ರ ಹೆಚ್ಚು. ಆದರೆ ಅಕ್ಷಾಂಶ 61 ಡಿಗ್ರಿ ದಾಟಿರುವುದರಿಂದ ಆ ಎತ್ತರಕ್ಕೆ ಅಲ್ಲಿ ಹಿಮನದಿ ಇದೆ.

ಈಗ ಹಗ್ಗದ ಮಾತು.

ಯೂವಾಸ್‌ಹಿಟ್ಟಾದಿಂದ ಹೊರಟರೆ ಮೊದಲ ಮುಕ್ಕಾಲು ಗಂಟೆ, ಒಂದು ಗಂಟೆ ಕಲ್ಲು ಹರಡಿದ ಬಯಲು. ಆಮೇಲೆ ಸ್ಟಿಗ್‌ಬ್ರೇಯನ್ ಹಿಮನದಿಯ ಅಂಚು ಸಿಗುತ್ತದೆ. ಅಲ್ಲಿ ಗೈಡ್ ಒಬ್ಬೊಬ್ಬರಿಗೂ ಹಾರ್ನೆಸ್ (ಹಗ್ಗ ಕಟ್ಟಲು ಸೊಂಟಕ್ಕೆ ಹಾಕುವ ಪಟ್ಟಿ) ಬಿಗಿದು, ಎಲ್ಲರನ್ನೂ ಒಂದು ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟುತ್ತಾರೆ. ಬೇಸಿಗೆಯ ರಜಾದಿನಗಳಲ್ಲಿ ಒಂದು ಸಾಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇರುವುದು ಮಾಮೂಲು. ಮೊದಲನೆಯವರನ್ನು ಕಟ್ಟಿ ಕೊನೆಯವರ ತನಕ ಬರುವಷ್ಟರಲ್ಲಿ ಅರ್ಧ ಗಂಟೆ ಸುಲಭವಾಗಿ ಕಳೆಯುತ್ತದೆ. ಇಡೀ ದಿನದಲ್ಲಿ ಹೆಚ್ಚು ಚಳಿಯಾಗುವುದು ಶಿಖರದಲ್ಲಲ್ಲ, ಇಲ್ಲಿ. ಕಲ್ಲು ದಾಟಿ ಬಂದ ಮೈ ಬೆವತಿರುತ್ತದೆ, ಹಿಮದ ಮೇಲಿಂದ ಗಾಳಿ ನೇರ ಬೀಸುತ್ತದೆ, ಕೈ ಕಟ್ಟಿ ನಿಲ್ಲುವುದು ಬಿಟ್ಟು ಬೇರೆ ಕೆಲಸವಿಲ್ಲ.

ಇದಕ್ಕೆ ಉಪಾಯ ಒಂದೇ, ಅದನ್ನು ಹಾರ್ನೆಸ್ ಹಾಕುವುದಕ್ಕೆ ಮುಂಚೆ ಮಾಡಬೇಕು. ಅಂಚಿಗೆ ಬರುವ ಹತ್ತು ನಿಮಿಷ ಮೊದಲು ನಡಿಗೆ ನಿಧಾನ ಮಾಡಿ, ಬೆವರು ಆರಲಿ. ತಲುಪಿದ ಕೂಡಲೇ ಒಳಗೊಂದು ಉಣ್ಣೆಯ ಪದರ, ಹೊರಗೆ ಗಾಳಿ ತಡೆಯುವ ಜಾಕೆಟ್ ಹಾಕಿ ಜಿಪ್ ಎಳೆದುಕೊಳ್ಳಿ. ಆಮೇಲೆ ಹಾರ್ನೆಸ್. ಜಾಕೆಟ್ಟಿನ ಕೆಳಜೇಬುಗಳು ಹಾರ್ನೆಸ್ಸಿನ ಪಟ್ಟಿಗೆ ಸಿಕ್ಕಿ ಮುಚ್ಚಿಹೋಗುತ್ತವೆ. ಹಗ್ಗದಲ್ಲಿದ್ದಾಗ ಬೆನ್ನಚೀಲ ಇಳಿಸಿ ಬಿಚ್ಚುವ ಹಾಗಿಲ್ಲ, ಒಬ್ಬರು ನಿಂತರೆ ಇಪ್ಪತ್ತು ಜನ ನಿಲ್ಲಬೇಕು. ಹಾಗಾಗಿ ಗ್ಲೌಸ್, ಟೋಪಿ, ಕಪ್ಪು ಕನ್ನಡಕ, ಒಂದು ಚಾಕೊಲೇಟ್, ಫೋನ್ ಇಷ್ಟೂ ಎದೆಯ ಜೇಬಿನಲ್ಲಿರಲಿ. ಮೂತ್ರಕ್ಕೆ ಹೋಗುವುದಿದ್ದರೆ ಕಟ್ಟುವ ಮೊದಲೇ ಮುಗಿಸಿ. ಇದನ್ನು ಹೇಳಲು ಸಂಕೋಚ ಬೇಡ, ಹಿಮದ ನಡುವೆ ಮರೆ ಎಂಬುದೇ ಇರುವುದಿಲ್ಲ.

ನಡೆಯಲು ಶುರು ಮಾಡಿದ ಮೇಲಿನ ತೊಡಕು ಬೇರೆ. ಮುಂದಿನವರಿಗೂ ನಿಮಗೂ ನಡುವಿನ ಹಗ್ಗ ಹಿಮಕ್ಕೆ ಸ್ವಲ್ಪ ತಾಗಿಕೊಂಡು ಬರಬೇಕು. ಬಿಗಿದು ಎಳೆಯಲೂಬಾರದು, ಕಾಲ ಬಳಿ ಸುರುಳಿಯಾಗಿ ಬೀಳಲೂಬಾರದು. ಸುರುಳಿಯಾದರೆ ಅನೇಕರು ಅದನ್ನು ಕೈಗೆ ಸುತ್ತಿಕೊಳ್ಳುತ್ತಾರೆ. ಇದು ದೊಡ್ಡ ತಪ್ಪು: ಮುಂದಿನವರು ಹಿಮನದಿಯ ಬಿರುಕಿಗೆ ಬಿದ್ದರೆ ಸಡಿಲ ಹಗ್ಗದಷ್ಟೂ ಉದ್ದಕ್ಕೆ ಬೀಳುತ್ತಾರೆ, ಸುತ್ತಿದ ಕೈ ಜಗ್ಗಿ ಬೆರಳು ಮುರಿಯುತ್ತದೆ. ಹಗ್ಗ ಸಡಿಲವಾದರೆ ನೀವೇ ಅರೆಕ್ಷಣ ನಿಲ್ಲಿ, ಬಿಗಿಯಾದರೆ ಹೆಜ್ಜೆ ಹಾಕಿ. ಚಾರಣದ ಕೋಲು ಹಗ್ಗದ ಎದುರು ಬದಿಯ ಕೈಯಲ್ಲಿರಲಿ. ಹಗ್ಗವನ್ನು ತುಳಿಯಬೇಡಿ, ಕಾಲಲ್ಲಿ ಕ್ರಾಂಪನ್ (ಶೂ ಅಡಿಗೆ ಕಟ್ಟುವ ಲೋಹದ ಮುಳ್ಳುಗಳು) ಇದ್ದರಂತೂ ಖಂಡಿತ ಬೇಡ. ಬಿರುಕಿನ ಹತ್ತಿರ ಮೊದಲನೆಯವರು ಹೆಜ್ಜೆ ತಡೆದರೆ ಆ ತಡೆ ಹಿಂದಕ್ಕೆ ಹಿಂದಕ್ಕೆ ಬೆಳೆಯುತ್ತಾ ಬರುತ್ತದೆ. ಕೊನೆಯಲ್ಲಿರುವವರು ಎರಡು ನಿಮಿಷ ನಿಂತು, ಆಮೇಲೆ ಓಡು ನಡಿಗೆ ಹಾಕಬೇಕಾಗುತ್ತದೆ. ಉದ್ದ ಸಾಲಿನಲ್ಲಿ ಬಾಲಕ್ಕೆ ಸಿಕ್ಕಿದವರು ಹೆಚ್ಚು ದಣಿಯುವುದು ಇದಕ್ಕೇ. ಆಯ್ಕೆ ಇದ್ದರೆ ಗೈಡ್ ಹಿಂದೆ ಮೂರು ನಾಲ್ಕನೆಯ ಜಾಗ ಕೇಳಿ ಪಡೆಯಿರಿ.

ಹಿಮನದಿ ದಾಟಿದ ಮೇಲೆ ಹಗ್ಗ ಬಿಚ್ಚಿ ಕಡಿದಾದ ಕಲ್ಲೇರಿ, ಶಿಖರ. ಅಲ್ಲಿ ಸಿಗುವ ಹೊತ್ತು ಅರ್ಧ ಗಂಟೆ, ಅದರ ಆಸುಪಾಸು. ನನಗೆ ಈ ದಾರಿಯ ಮೇಲಿರುವ ನಿಜವಾದ ಬೇಸರ ಇದು. ಈ ಶಿಖರವಿರುವ ಯೋಟುನ್‌ಹೈಮೆನ್ ಬೆಟ್ಟಸಾಲಿನಲ್ಲಿ ಮಧ್ಯಾಹ್ನದ ಮಂಜು ಬರುವುದು ಹೋಗುವುದು ನಿಮಿಷಗಳ ಆಟ. ಮೋಡದೊಳಗೆ ಅರ್ಧ ಗಂಟೆ ನಿಂತು ಕೆಳಗಿಳಿಯಲು ಶುರು ಮಾಡಿದಾಗ ಮೇಲೆ ಆಕಾಶ ಬಿಚ್ಚಿಕೊಂಡರೂ ಹಿಂದಕ್ಕೆ ಹೋಗುವಂತಿಲ್ಲ, ಹಗ್ಗ ನಿಮಗಾಗಿ ಕಾಯುವುದಿಲ್ಲ. ಗೈಡ್ ತಪ್ಪೇನೂ ಇಲ್ಲ. ಹೊತ್ತು ಏರಿದಷ್ಟೂ ಬಿರುಕುಗಳ ಮೇಲಿನ ಹಿಮದ ಸೇತುವೆ ಮೆತ್ತಗಾಗುತ್ತದೆ, ಅವರು ಬೇಗ ಇಳಿಸುವುದೇ ಸರಿ. ಆ ಹೊತ್ತಿಗೆ ಮೇಲ್ಪದರ ನೀರು ಕುಡಿದ ಅವಲಕ್ಕಿಯಂತಾಗಿ ಪಾದ ಕಣಕಾಲಿನ ತನಕ ಹೂತು, ಶೂ ಒಳಗೆ ನೀರು ಸೇರುತ್ತದೆ. ಶೂ ಬಾಯಿ ಮುಚ್ಚುವಂತೆ ಮೊಣಕಾಲ ಕೆಳಗೆ ಸುತ್ತುವ ಗೇಟರ್ ಇಲ್ಲಿ ಸಾರ್ಥಕ. ಆಗಸ್ಟ್ ಕೊನೆಗೆ ಹಿಮ ಕರಗಿ ಗಟ್ಟಿ ಮಂಜುಗಡ್ಡೆ ಬಯಲಾದರೆ ಕ್ರಾಂಪನ್ ಬೇಕಾಗುತ್ತದೆ, ಬಿರುಕುಗಳು ಕಣ್ಣಿಗೆ ಕಾಣುತ್ತವೆ. ಅದು ಒಂದು ಲೆಕ್ಕಕ್ಕೆ ಒಳ್ಳೆಯದೇ.

ಹಾಗಾದರೆ ಗೈಡ್ ಬಿಟ್ಟು ಹೆಜ್ಜೆ ಜಾಡು ಹಿಡಿದು ದಾಟಬಹುದಲ್ಲ ಅಂತ ಕೇಳುವವರಿದ್ದಾರೆ. ಬೇಡ. ‘ಸ್ಟಿಗ್’ ಎಂದರೆ ಆ ಭಾಷೆಯಲ್ಲಿ ವಿಕಾರ, ಕೆಟ್ಟದ್ದು. ಹೆಸರು ಸುಮ್ಮನೆ ಬಂದಿಲ್ಲ. ನೋಡಲು ಸಪಾಟು ಬಿಳಿ ಬಯಲು, ಆದರೆ ಬಿರುಕುಗಳ ಬಾಯಿ ಹಿಮದಿಂದ ಮುಚ್ಚಿರುತ್ತದೆ. ಬೆಳಗ್ಗೆ ಇಪ್ಪತ್ತು ಜನ ತುಳಿದರೂ ತಡೆದ ಸೇತುವೆ ಮಧ್ಯಾಹ್ನ ಒಬ್ಬರ ಭಾರಕ್ಕೆ ಕುಸಿಯಬಹುದು. ಜಾಡು ಇದೆ ಎನ್ನುವುದು ಬೆಳಗಿನ ಸಾಕ್ಷಿ, ನೀವು ಕಾಲಿಡುವ ಗಳಿಗೆಯದ್ದಲ್ಲ. ಹಗ್ಗ, ಹಾರ್ನೆಸ್, ಬಿರುಕಿನಿಂದ ಮೇಲೆತ್ತುವ ಅಭ್ಯಾಸ ಮೂರೂ ಇರುವ ತಂಡವಾದರೆ ಮಾತ್ರ ಸ್ವಂತ ಹೋಗಿ.

ಸ್ಪೀಟರ್‌ಸ್ಟೂಲೆನ್ ದಾರಿಯಲ್ಲಿ ಇದ್ಯಾವುದೂ ಇಲ್ಲ. ವಸತಿಗೃಹದ ಹತ್ತಿರದ ಸೇತುವೆಯಲ್ಲಿ ವಿಸಾ ದಾಟಿದರೆ ಏರು ತಕ್ಷಣ ಶುರು. ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ‘ಟೀ’ ಅಕ್ಷರ ಬರೆದಿರುತ್ತದೆ, ಒಂದರಿಂದ ಇನ್ನೊಂದು ಕಾಣುವಷ್ಟು ದೂರಕ್ಕೆ. ಮೊದಲ ಅರ್ಧದಲ್ಲಿ ಹುಲ್ಲು, ಸಣ್ಣ ತೊರೆಗಳು. ಬಾಟಲಿ ತುಂಬಿಸಿಕೊಳ್ಳುವುದು ಇಲ್ಲೇ. ಮೇಲೆ ಕಲ್ಲು ಮತ್ತು ಹಿಮ ಮಾತ್ರ. ತಲೆಗೆ ಎರಡು ಲೀಟರ್ ಸಾಕು. ಹತ್ತಲು ನಾಲ್ಕು ಗಂಟೆ, ಇಳಿಯಲು ಮೂರು, ಕೂತು ಉಣ್ಣುವುದಕ್ಕೆ ಒಂದು: ಎಂಟು ಗಂಟೆ ಇಟ್ಟುಕೊಳ್ಳಿ. ಜುಲೈ ಮೊದಲ ವಾರಗಳಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುವುದರಿಂದ ನಿಧಾನ ನಡೆಯುವವರಿಗೂ ಕತ್ತಲಾಗುವ ಭಯವಿಲ್ಲ. ನನಗೆ ಈ ದಾರಿಯ ದೊಡ್ಡ ವರ ಅದೇ. ಶಿಖರದಲ್ಲಿ ಮೋಡ ಮುಸುಕಿದ್ದರೆ ಬಂಡೆ ಮರೆಗೆ ಕೂತು ಎರಡು ಗಂಟೆ ಕಾಯಬಹುದು.

ಇದರ ತೊಡಕು ಎರಡು ಸುಳ್ಳು ತುದಿ. ಮೊದಲು 2272 ಮೀಟರಿನ ಸ್ವೆಲ್ನೋಸೆ ಬರುತ್ತದೆ, ಅದೇ ಶಿಖರ ಅಂದುಕೊಂಡು ಉಸಿರು ಬಿಡುತ್ತೀರಿ. ಮುಂದೆ ಇಳಿದು ಮತ್ತೆ ಹತ್ತಬೇಕು. ಆಮೇಲೆ 2355 ಮೀಟರಿನ ಕೈಲ್‌ಹೌಸ್ ಟಾಪ್. ಭೂವಿಜ್ಞಾನಿ ಕೈಲ್‌ಹೌ ಅವರ ಹೆಸರು ಅದಕ್ಕೆ. ಗಾಲ್ಡ್‌ಹೋಪಿಗ್ಗೆನ್ ಶಿಖರಕ್ಕೆ ಮೊದಲು ಕಾಲಿಟ್ಟವರು ಲೋಮ್ ಊರಿನ ಮೂವರು ಸ್ಥಳೀಯರು, 1850ರಲ್ಲಿ. ಕೈಲ್‌ಹೌಸ್ ಟಾಪ್‌ನಿಂದಲೂ ಮತ್ತೊಮ್ಮೆ ಇಳಿತ, ಮತ್ತೊಮ್ಮೆ ಏರು. ಮರಳುವಾಗ ಈ ಎರಡೂ ಇಳಿತಗಳು ಏರುಗಳಾಗುತ್ತವೆ, ಮೊಣಕಾಲು ದಣಿದಿರುವ ಹೊತ್ತಿಗೆ. ಅದಕ್ಕೆ ಹತ್ತುವಾಗಲೇ ಶಕ್ತಿಯೆಲ್ಲಾ ಸುರಿಯಬೇಡಿ.

ಕಲ್ಲಿನ ಬಗ್ಗೆ ಒಂದು ಮಾತು. ಕರಿ ಬಣ್ಣದ ಗ್ಯಾಬ್ರೋ ಬಂಡೆಗಳು, ಮೇಲೆ ಹಸಿರು-ಹಳದಿ ಕಲ್ಲುಹೂವಿನ ಚಿತ್ತಾರ. ಒಣಗಿದ್ದಾಗ ಅಂಗಾಲು ಕಚ್ಚಿ ಹಿಡಿಯುವಷ್ಟು ಒರಟು. ನಾಲ್ಕು ಹನಿ ಮಳೆ ಬಿದ್ದರೆ ಆ ಕಲ್ಲುಹೂವೇ ಪಾಚಿಯಂತೆ ಜಾರುತ್ತದೆ. ಕೆಲವು ಬಂಡೆ ಕಾಲಿಟ್ಟಾಗ ‘ಟಕ್’ ಅಂತ ವಾಲುತ್ತವೆ. ಅಂಥದ್ದು ಸಿಕ್ಕರೆ ತಡವರಿಸದೆ ಮುಂದಿನದಕ್ಕೆ ದಾಟಬೇಕು, ಅದರ ಮೇಲೆ ಸಮತೋಲ ಹುಡುಕಲು ನಿಂತರೆ ಕಣಕಾಲು ಹೋಯಿತು. ಓಟದ ಶೂ ಸಾಲದು, ಕಣಕಾಲು ಮುಚ್ಚುವ ಗಟ್ಟಿ ಅಟ್ಟೆಯ ಶೂ ಬೇಕು. ಇಳಿಯುವಾಗ ಎರಡು ಕೋಲು.

ಮಂಜಿನಲ್ಲಿ ಈ ದಾರಿಯೂ ಸಾಧುವಲ್ಲ. ಹತ್ತುವಾಗ ಎಡಕ್ಕೆ ಸ್ವೆಲ್ನೋಸ್‌ಬ್ರೇಯನ್ ಹಿಮನದಿ, ಬಲಕ್ಕೆ ಸ್ಟಿಗ್‌ಬ್ರೇಯನ್, ನೀವಿರುವುದು ನಡುವಿನ ಏಣಿನ ಮೇಲೆ. ಜೂನ್‌ನಲ್ಲಿ ‘ಟೀ’ ಗುರುತುಗಳು ಹಿಮದಡಿ ಹೋಗಿರುತ್ತವೆ, ಬೆಳ್ಳಗಿನ ಇಳಿಜಾರು ಅತ್ತಿತ್ತ ಸೆಳೆಯುತ್ತದೆ. ಒಂದು ಗುರುತು ಕಾಣದೆ ಮುಂದೆ ಹೋಗಬೇಡಿ. ಹಿಂದಿನ ಗುರುತಿಗೆ ವಾಪಸಾಗಿ ಹುಡುಕಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಫೋನ್ ಒಳಜೇಬಿನಲ್ಲಿ ಬೆಚ್ಚಗಿರಲಿ, ಚಳಿಗೆ ಬ್ಯಾಟರಿ ಸಾಯುತ್ತದೆ. ನಾರ್ವೆಯ ಬೆಟ್ಟದ ಒಂಬತ್ತು ನಿಯಮಗಳಲ್ಲಿ ಎಂಟನೆಯದು, ಹೊತ್ತು ಮೀರುವ ಮೊದಲು ಹಿಂದಿರುಗಿ, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎನ್ನುತ್ತದೆ. ಅದನ್ನು ಅಲ್ಲಿನವರು ಅಕ್ಷರಶಃ ಪಾಲಿಸುತ್ತಾರೆ.

ಬಟ್ಟೆ ಎರಡೂ ಕಡೆಗೆ ಒಂದೇ. ಕಣಿವೆಯಲ್ಲಿ 15 ಡಿಗ್ರಿ ಇದ್ದರೆ ಶಿಖರದಲ್ಲಿ 6ರ ಆಸುಪಾಸು, ಸೆಕೆಂಡಿಗೆ 10 ಮೀಟರ್ ಗಾಳಿ ಸೇರಿದರೆ ಮೈಗೆ ಅದು 1 ಡಿಗ್ರಿ.

ಊಟಕ್ಕೆ ಚಿತ್ರಾನ್ನ ಕಟ್ಟಬೇಡಿ, ಆ ಚಳಿಗೆ ಅನ್ನ ಕಾಳುಕಾಳಾಗಿ ಗಟ್ಟಿಯಾಗುತ್ತದೆ. ಪಲ್ಯ ಸುತ್ತಿದ ಚಪಾತಿ, ಕಡಲೆಮಿಠಾಯಿ, ಥರ್ಮಾಸಿನಲ್ಲಿ ಚಹಾ ಉತ್ತಮ. ಶಿಖರದ ಪಕ್ಕದ ಪುಟ್ಟ ಗುಡಿಸಲಿನಲ್ಲಿ ಬೇಸಿಗೆಯಲ್ಲಿ ಬಿಸಿ ಪಾನೀಯ ಮಾರುತ್ತಾರೆ, ಆದರೆ ಅದನ್ನೇ ನೆಚ್ಚಿಕೊಂಡು ಬರಿಗೈಲಿ ಹೋಗಬೇಡಿ.

ಖರ್ಚಿನಲ್ಲಿ ಅಂತರ ಸ್ಪಷ್ಟ. ಎರಡೂ ಖಾಸಗಿ ರಸ್ತೆಗಳಿಗೆ ಟೋಲ್ ಇದೆ, ಅಲ್ಲಿ ಸಮ. ಹಿಮನದಿಗೆ ತಲೆಗಿಷ್ಟು ಎಂದು ಗೈಡ್ ಶುಲ್ಕ ಸೇರುತ್ತದೆ, ನಾಲ್ಕು ಜನರ ಕುಟುಂಬಕ್ಕೆ ಅದು ಭಾರವೇ. ಕಲ್ಲಿನ ದಾರಿಗೆ ಒಂದು ಕ್ರೋನೆಯೂ ಬೇಡ. ನಾರ್ವೆಯ 1957ರ ಕಾನೂನಿನಂತೆ ವಾಸದ ಮನೆಯಿಂದ 150 ಮೀಟರ್ ಆಚೆ ಬಯಲಿನಲ್ಲಿ ಡೇರೆ ಹಾಕಬಹುದು, ಹಾಗಾಗಿ ವಿಸಾ ಕಣಿವೆಯಲ್ಲಿ ರಾತ್ರಿ ಕಳೆದು ಬೆಳಗ್ಗೆ ಆರಕ್ಕೇ ಹೊರಡಬಹುದು.

ಹತ್ತು ಹನ್ನೆರಡರ ಮಕ್ಕಳಿದ್ದರೆ, ಮೊಣಕಾಲು ನೋವಿದ್ದರೆ, ಅಥವಾ ಹಿಮನದಿ ಮೇಲೆ ಒಮ್ಮೆಯಾದರೂ ಕಾಲಿಡಬೇಕೆಂಬ ಆಸೆ ಇದ್ದರೆ ಯೂವಾಸ್‌ಹಿಟ್ಟಾಕ್ಕೆ ಹೋಗಿ, ಸಂಕೋಚ ಬೇಡ. ಬಿರುಕಿನ ಪಕ್ಕ ನಿಂತು ಆಳದ ನೀಲಿಯನ್ನು ನೋಡುವುದು ಕಲ್ಲಿನ ದಾರಿಯಲ್ಲಿ ಸಿಗದು. ಮಂಜುಗಡ್ಡೆಯೇ ಮುಖ್ಯ, ಶಿಖರ ಆಮೇಲೆ ಎನ್ನುವವರಿಗೆ ಸ್ಪೀಟರ್‌ಸ್ಟೂಲೆನ್‌ನಿಂದಲೇ ಸ್ವೆಲ್ನೋಸ್‌ಬ್ರೇಯನ್ ಮೇಲೆ ಕ್ರಾಂಪನ್ ಕಟ್ಟಿ ಕರೆದೊಯ್ಯುವ ಗೈಡ್‌ಗಳೂ ಇದ್ದಾರೆ.

ಎರಡನ್ನೂ ಒಂದೇ ದಿನ ನೋಡುವ ದಾರಿಯೂ ಉಂಟು: ಹಗ್ಗದಲ್ಲಿ ಹಿಮನದಿ ದಾಟಿ ಹತ್ತುವುದು, ಕಲ್ಲಿನ ಏಣು ಹಿಡಿದು ಸ್ಪೀಟರ್‌ಸ್ಟೂಲೆನ್‌ಗೆ ಇಳಿಯುವುದು. ವಾಪಸು ಹಗ್ಗಕ್ಕೆ ಬರುವುದಿಲ್ಲ ಎಂದು ಗೈಡ್‌ಗೆ ಹೊರಡುವ ಮೊದಲೇ ಹೇಳಿರಬೇಕು, ಇಲ್ಲವಾದರೆ ಮೇಲೆ ತಲೆ ಎಣಿಸಿ ಒಂದು ಕಡಿಮೆ ಬಂದಾಗ ಹುಡುಕಾಟ ಶುರುವಾಗುತ್ತದೆ. ಹಾರ್ನೆಸ್ ಅಲ್ಲೇ ಕೊಟ್ಟುಬಿಡಿ. ಕಾರನ್ನು ಹಿಂದಿನ ಸಂಜೆಯೇ ಸ್ಪೀಟರ್‌ಸ್ಟೂಲೆನ್‌ನಲ್ಲಿ ನಿಲ್ಲಿಸಿ, ಬೆಳಗ್ಗೆ ಯಾರಾದರೂ ಯೂವಾಸ್‌ಹಿಟ್ಟಾಕ್ಕೆ ಬಿಡುವ ಏರ್ಪಾಡು ಮಾಡಿಕೊಳ್ಳಿ. ಸಂಜೆ ದಣಿದು ಇಳಿದ ಮೇಲೆ ಒಂದು ಕಣಿವೆಯಿಂದ ಇನ್ನೊಂದಕ್ಕೆ ಗಾಡಿ ಹುಡುಕುವುದು ಬಲು ಕಷ್ಟ.