ನಾಲಿಗೆಯೋ ನಾಡಿಯೋ: ಚೀನೀ ವೈದ್ಯದ ಎರಡು ಪರೀಕ್ಷೆಗಳು

ಸಾಂಪ್ರದಾಯಿಕ ಚೀನೀ ವೈದ್ಯವನ್ನು ಕಲಿಯಹೊರಟವರು ನಾಲಿಗೆಯ ಪರೀಕ್ಷೆಯಿಂದ ಆರಂಭಿಸುವುದು ಲೇಸು. ತುದಿಯು ಹೃದಯ ಮತ್ತು ಶ್ವಾಸಕೋಶವನ್ನು, ಅಂಚುಗಳು ಯಕೃತ್ತು ಮತ್ತು ಪಿತ್ತಕೋಶವನ್ನು, ನಡುಭಾಗವು ಗುಲ್ಮ ಮತ್ತು ಜಠರವನ್ನು, ಬುಡವು ಮೂತ್ರಪಿಂಡವನ್ನು ಸೂಚಿಸುತ್ತದೆಂಬ ನಕ್ಷೆಯನ್ನು ಕಣ್ಣಿನಿಂದಲೇ ಅಭ್ಯಾಸ ಮಾಡಬಹುದು. ಗುಲ್ಮ, ಮೂತ್ರಪಿಂಡಗಳ ಪ್ರಧಾನ ನಾಳಗಳೂ (ಜೀವಶಕ್ತಿ ಹರಿಯುತ್ತದೆನ್ನಲಾದ ದಾರಿಗಳು) ಹೃದಯದ ಉಪನಾಳವೂ ನಾಲಿಗೆಯನ್ನು ಮುಟ್ಟುತ್ತವೆಂಬುದು ಆ ಪರಂಪರೆಯು ಇದಕ್ಕೆ ಕೊಡುವ ಕಾರಣ. (ಅದು ಹೇಳುವ 12 ಪ್ರಧಾನ ನಾಳಗಳಾಗಲಿ 15 ಉಪನಾಳಗಳಾಗಲಿ ಅಂಗರಚನಾಶಾಸ್ತ್ರದಲ್ಲಿ ದೃಢಪಟ್ಟಿಲ್ಲವಾದ್ದರಿಂದ, ರೋಗನಿರ್ಣಯಕ್ಕೆ ಆಧುನಿಕ ತಪಾಸಣೆಯೇ ಬೇಕು.) ಕಾಫಿಯ ಬಣ್ಣ ಹತ್ತಿದ ನಾಲಿಗೆಯ ಲೇಪವನ್ನಂತೂ (ಮೇಲಿನ ತೆಳುಪದರವನ್ನು) ನಂಬಬಾರದು. ನಾಡಿಗೆ ಬಣ್ಣ ಹತ್ತುವ ತೊಡಕಿಲ್ಲ. ಆದರೆ ಪ್ರತಿ ಮಣಿಕಟ್ಟಿನ 3 ಸ್ಥಾನಗಳಲ್ಲಿ ಬೆರಳಿಟ್ಟು, ಸಾಮಾನ್ಯವಾಗಿ ಎಣಿಸುವ 28 ಬಗೆಯ ಮಿಡಿತಗಳನ್ನು ಬೇರ್ಪಡಿಸಲು ದೀರ್ಘಕಾಲದ ಸಾಧನೆ ಬೇಕಾಗುತ್ತದೆ, ಮತ್ತು ಅಷ್ಟಾದರೂ ಇಬ್ಬರು ಪರೀಕ್ಷಕರ ಅಭಿಪ್ರಾಯ ಒಂದೇ ಆಗಿರುವುದು ಖಚಿತವಲ್ಲ.